ಹೆಸರಿನ ಮುಂದಿನ ದಿನಾಂಕ

ಆ ವಾರ ನಮ್ಮ ಶಾಲೆಗೆ ಹೊಸದೊಂದು ಗಂಟೆ ಬಂತು. ಮೂರು ಸಲ ಚಿಕ್ಕದಾಗಿ ಬಾರಿಸಿದರೆ ಬಾಗಿಲಿಗೆ ಚಿಲಕ ಹಾಕಿ, ದೀಪ ಆರಿಸಿ, ಮಕ್ಕಳೆಲ್ಲ ಬೆಂಚಿನ ಕೆಳಗೆ ಕೂರಬೇಕು. ದೂರದ ದೇಶವೊಂದರ ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಬಂದೂಕು ತಂದು ಸಹಪಾಠಿಗಳ ಮೇಲೆ ಗುಂಡು ಹಾರಿಸಿದ್ದ. ಆ ಸುದ್ದಿಯ ವಿಡಿಯೋ ತಾಯಂದಿರ ಫೋನುಗಳಿಗೆ ಬಂದ ಎರಡನೆಯ ದಿನಕ್ಕೇ ಗಂಟೆಯೂ ಬಂದಿತ್ತು. ಕುವೈತಿನ ನಮ್ಮ ಭಾರತೀಯ ಶಾಲೆಯ ಮಕ್ಕಳು ಬಂದೂಕು ನೋಡಿರುವುದು ಫೋನಿನ ಆಟಗಳಲ್ಲಿ ಮಾತ್ರ. ಆದರೆ ಭಯಕ್ಕೆ ವೀಸಾ ಬೇಕಿಲ್ಲ.

ನಾನು ಆ ಶಾಲೆಯ ಹುಡುಗಿಯರ ವಿಭಾಗದಲ್ಲಿ ಆಪ್ತಸಮಾಲೋಚಕಿ. ಚಾರ್ಟು, ಬಣ್ಣದ ಡಬ್ಬಿಗಳನ್ನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ನನಗೆ ಕೊಟ್ಟಿದ್ದಾರೆ. ಇನ್ನೂ ಟರ್ಪೆಂಟೈನ್ ವಾಸನೆ ಹೋಗಿಲ್ಲ. ನಾನು ಹುಟ್ಟಿದ್ದು ಇದೇ ಊರಿನಲ್ಲಿ. ಮಂಗಳೂರಿನಲ್ಲಿ ಮನಃಶಾಸ್ತ್ರ ಓದಿ ಮತ್ತೆ ಇಲ್ಲಿಗೇ ಬಂದೆ. ನನ್ನ ಮನೆ ಯಾವ ಬೀದಿಯಲ್ಲಿದೆ ಎಂಬುದು ಸಹೋದ್ಯೋಗಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಮಕ್ಕಳು ನನ್ನ ಹತ್ತಿರ ಬಂದು ಮಾತಾಡಲು ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಗಂಟೆಯ ಜೊತೆಗೆ ಒಂದು ಫಾರಂ ಕೂಡ ಬಂತು. ‘ಗಮನದಲ್ಲಿಡಬೇಕಾದ ವಿದ್ಯಾರ್ಥಿನಿಯರು’ ಎಂದು ಅದರ ತಲೆಬರಹ. ಅದನ್ನು ತಂದವರು ನಮ್ಮ ವಿಭಾಗದ ಸೂಪರ್‌ವೈಸರ್, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿರುವ ಮಂಗಳೂರಿನವರು. ಅವರ ದನಿಗೆ ಹೆದರದ ಹುಡುಗಿ ಇಲ್ಲ, ಅವರ ಚೀಲದ ಪೆಪ್ಪರ್‌ಮಿಂಟ್ ತಿನ್ನದ ಹುಡುಗಿಯೂ ಇಲ್ಲ.

“ಇದರಲ್ಲಿ ಹೆಸರು ತುಂಬಿಸಿ ಕೊಡು,” ಎಂದರು. “ಸೈಲೆಂಟ್ ಇರುವವರು, ಒಬ್ಬರೇ ಕೂತು ತಿನ್ನುವವರು, ಯಾರೊಟ್ಟಿಗೂ ಸೇರದವರು.”

“ಹಾಗಾದರೆ ಮೊದಲು ನನ್ನ ಹೆಸರನ್ನೇ ಬರೆಯಬೇಕಾಗುತ್ತದೆ, ಮೇಡಂ.”

“ನೀನು ಬರೀತೀ, ನನಗೆ ಗೊತ್ತುಂಟು. ತಮಾಷೆ ಸಾಕು ಮಾರಾಯ್ತಿ, ಗುರುವಾರದೊಳಗೆ ಬೇಕು.”

ಫಾರಂ ಅನ್ನು ಖಾಲಿ ಬಿಟ್ಟೆ. ಬದಲಿಗೆ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟೆ. ಈ ವಿಷಯವನ್ನು ನಾನು ಓದಿದ್ದೆ. ಓದಿದ್ದರಲ್ಲಿ ಖಚಿತವಾಗಿ ಗೊತ್ತಿರುವಷ್ಟನ್ನೇ ಬರೆದೆ. ಶಾಲೆಯಲ್ಲಿ ಗುಂಡು ಹಾರಿಸುವವನಿಗೆ ಗುರುತು ಹಿಡಿಯುವಂಥ ಒಂದು ಮುಖ ಇರುವುದಿಲ್ಲ. ಮನಸ್ಸಿನ ಕಾಯಿಲೆಯಿಂದ ನರಳುವವರಲ್ಲಿ ಬಹುತೇಕರು ಯಾರಿಗೂ ಕೇಡು ಮಾಡುವವರಲ್ಲ. ಮಾಡಿದರೆ ತಮಗೇ ಮಾಡಿಕೊಂಡಾರು. ಹಾಗೆಂದು ಮನಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ಸುಳ್ಳು. ಹಾಗೆ ಮಾಡಿದವರಲ್ಲಿ ಅನೇಕರು ಕೊಲ್ಲುವ ಯೋಚನೆಗೆ ಮೊದಲೇ ಸಾಯುವ ಯೋಚನೆ ಮಾಡಿದ್ದವರು, ಅವಮಾನವನ್ನು ಬಹಳ ಕಾಲ ಒಳಗೇ ಇಟ್ಟುಕೊಂಡವರು. ಅವರು ಯಾರಾದರೊಬ್ಬರ ಹತ್ತಿರ ಮೊದಲೇ ಏನೋ ಒಂದು ಮಾತು ಆಡಿರುತ್ತಾರೆ. ಕೇಳಿದವರು ಅದನ್ನು ದಾಟಿ ಹೋಗಿರುತ್ತಾರೆ. ಮತ್ತು ಅವರ ಕೈಗೆ ಬಂದೂಕು ಸಿಗುತ್ತದೆ, ಎಷ್ಟೋ ಸಲ ತಮ್ಮ ಮನೆಯಲ್ಲೇ. ಹತಾಶೆ ಎಲ್ಲ ದೇಶದ ಮಕ್ಕಳಿಗೂ ಇದೆ. ಅದು ಹೇಗೆ ಮುಗಿಯುತ್ತದೆ ಎನ್ನುವುದನ್ನು ಕೈಗೆ ಎಟಕುವ ವಸ್ತುವೂ ತೀರ್ಮಾನಿಸುತ್ತದೆ.

ಸೂಪರ್‌ವೈಸರ್ ನಿಂತಲ್ಲೇ ಓದಿದರು. “ಒಳ್ಳೆದುಂಟು. ಆದರೆ ಇದನ್ನು ಯಾವ ಫೈಲಿಗೆ ಹಾಕುದು?” ಎಂದು ಕೇಳಿ, ಮಡಚಿ ಚೀಲಕ್ಕೆ ಹಾಕಿಕೊಂಡರು.

ಮುಂದಿನ ಭಾನುವಾರ ಬೆಳಿಗ್ಗೆ, ಇಲ್ಲಿ ಅದೇ ವಾರದ ಮೊದಲ ದಿನ, ನಾನು ಬಸ್ಸಿನಿಂದ ಇಳಿಯುವ ಮೊದಲೇ ನನ್ನ ಫೋನಿಗೂ ಒಂದು ಚಿತ್ರ ಬಂದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಗಣಿತದ ನೋಟ್‌ಬುಕ್ಕನ್ನು ಸಹಪಾಠಿಯೊಬ್ಬಳು ಶುಕ್ರವಾರ-ಶನಿವಾರದ ರಜೆಯಲ್ಲಿ ಮನೆಗೆ ಒಯ್ದಿದ್ದಳು. ಆ ಸಹಪಾಠಿಯ ತಾಯಿ ಅದರ ಕೊನೆಯ ಪುಟವನ್ನು ನೋಡಿ, ಫೋಟೋ ತೆಗೆದು, ತಾಯಂದಿರ ಗುಂಪಿಗೆ ಹಾಕಿದ್ದರು. ಪುಟದಲ್ಲಿ ಹುಡುಗಿಯರ ಹೆಸರುಗಳು ಸಾಲಾಗಿದ್ದವು. ಪ್ರತಿ ಹೆಸರಿನ ಮುಂದೆ ದಿನ ಮತ್ತು ತಿಂಗಳು, ವರ್ಷವಿಲ್ಲ. ಒಂಬತ್ತು ಹೆಸರುಗಳ ಮೇಲೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಚಿತ್ರದ ಕೆಳಗೆ ಆ ತಾಯಿ ಬರೆದಿದ್ದರು: ‘ಇದು ಕೊಲ್ಲುವ ಪಟ್ಟಿ. ಮುಂದಿನ ತಿಂಗಳು ನನ್ನ ಮಗಳ ಸರದಿ. ಇಂಥವಳನ್ನು ಶಾಲೆಯಲ್ಲಿ ಇಟ್ಟುಕೊಂಡಿದ್ದಾರೆ.’

ಎಂಟು ಗಂಟೆಯ ಹೊತ್ತಿಗೆ ಗೇಟಿನ ಹತ್ತಿರ ಇಪ್ಪತ್ತು ಜನ ಪಾಲಕರಿದ್ದರು. ಹುಡುಗಿಯನ್ನು ತರಗತಿಯಿಂದ ಎಬ್ಬಿಸಿ ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರು. ಅವರು ಏನು ಕೇಳಿದರೂ ಅವಳು ಬಾಯಿ ಬಿಡಲಿಲ್ಲವಂತೆ. ಕೊನೆಗೆ ಸೂಪರ್‌ವೈಸರ್ ಅವಳನ್ನು ನನ್ನ ಬಾಗಿಲಿಗೆ ತಂದು ಬಿಟ್ಟರು.

“ನಾಳೆ ಪಾಲಕರ ಮೀಟಿಂಗ್ ಉಂಟು. ಇವಳು ಡೇಂಜರ್ ಅಂತ ನೀನು ಬರೆದು ಕೊಟ್ರೆ ಟಿ.ಸಿ. ಕೊಟ್ಟು ಕಳಿಸ್ತಾರೆ. ಅಲ್ಲ ಅಂತ ಬರೆದ್ರೆ ಅದಕ್ಕೆ ನೀನೇ ಜವಾಬ್ದಾರಿ.” ನಂತರ ದನಿ ತಗ್ಗಿಸಿ, “ತಿಂಡಿ ತಿಂದಿಲ್ಲ ಅದು,” ಎಂದು ಮೇಜಿನ ಮೇಲೆ ಎರಡು ಪೆಪ್ಪರ್‌ಮಿಂಟ್ ಇಟ್ಟು ಹೋದರು.

ಹುಡುಗಿಯನ್ನು ನಾನು ಬಲ್ಲೆ. ಹದಿನಾಲ್ಕು ವರ್ಷ, ಕೊಂಕಣಿ ಮಾತಾಡುವ ಕುಟುಂಬ, ಒಬ್ಬಳೇ ಮಗಳು. ತಿಂಗಳ ಹಿಂದೆ ಮೆಟ್ಟಿಲಿನ ಹತ್ತಿರ ನನ್ನನ್ನು ನಿಲ್ಲಿಸಿ, “ಮಿಸ್, ನೀವು ಇಲ್ಲಿ ಎಷ್ಟು ದಿನ ಇರ್ತೀರಿ?” ಎಂದು ಕೇಳಿದ್ದಳು. “ಎರಡು ಗಂಟೆಯವರೆಗೆ,” ಎಂದಿದ್ದೆ. ಪ್ರಶ್ನೆ ನನಗೆ ಅರ್ಥವಾಗಿತ್ತು. ಖಾಸಗಿ ಪ್ರಶ್ನೆಗಳಿಗೆ ನಾನು ಹಾಗೆಯೇ ಉತ್ತರಿಸುವುದು. ಅವಳು ನಕ್ಕು ಹೋಗಿದ್ದಳು, ನಾನು ಅದನ್ನು ಮರೆತಿದ್ದೆ. ಈಗ ಅವಳನ್ನು ಎದುರಿಗೆ ಕೂರಿಸಿಕೊಂಡಾಗ ಆ ಮಾತೇ ಮೊದಲು ನೆನಪಾಯಿತು. ದಾಟಿ ಹೋದವರ ಬಗ್ಗೆ ಟಿಪ್ಪಣಿ ಬರೆದವಳು ನಾನೇ.

ಮಾತಾಡಿಸುವ ಮೊದಲು ತರಗತಿಯ ಹಾಜರಿ ಪುಸ್ತಕ ತರಿಸಿದೆ. ತಾಯಂದಿರು ಫೋಟೋದಲ್ಲಿ ತಮ್ಮ ಮಗಳ ಹೆಸರನ್ನು ಹುಡುಕಿದ್ದರು. ಸಿಕ್ಕಿದ ಮೇಲೆ ಉಳಿದ ಹೆಸರುಗಳನ್ನು ಯಾರೂ ಓದಿರಲಿಲ್ಲ. ನಾನು ಒಂದೊಂದಾಗಿ ಓದಿದೆ. ಗೆರೆ ಎಳೆದ ಒಂಬತ್ತು ಹೆಸರುಗಳಲ್ಲಿ ಒಂದೂ ಹಾಜರಿ ಪುಸ್ತಕದಲ್ಲಿರಲಿಲ್ಲ.

“ಈ ಒಂಬತ್ತು ಜನ ಕುವೈತ್ ಬಿಟ್ಟು ಊರಿಗೆ ಹೋದವರು,” ಎಂದೆ.

ಅವಳು ಮೊದಲ ಸಲ ತಲೆ ಎತ್ತಿದಳು. “ಯಾರು ಹೇಳಿದ್ದು, ಮಿಸ್?”

“ಹಾಜರಿ ಪುಸ್ತಕ. ದಿನಾಂಕಗಳು ಏನೆಂದು ಅದು ಹೇಳುವುದಿಲ್ಲ.”

“ಐ ಪ್ರಾಮಿಸ್ಡ್.”

“ಹಾಗಾದರೆ ನೀನು ಹೇಳಬೇಡ. ನಾನು ಹೇಳುತ್ತೇನೆ, ತಪ್ಪಾದರೆ ತಪ್ಪು ಅನ್ನು. ಅವರ ಮನೆಯವರ ಇಕಾಮಾ ಮುಗಿಯುವ ದಿನ.”

ಅವಳು ತಪ್ಪು ಎನ್ನಲಿಲ್ಲ. ಪೆಪ್ಪರ್‌ಮಿಂಟನ್ನು ಬಿಚ್ಚಿ, ತಿನ್ನದೆ, ಅದರ ಕಾಗದವನ್ನು ಸಣ್ಣ ಸಣ್ಣದಾಗಿ ಮಡಚಿದಳು.

ಇಕಾಮಾ ಎಂದರೆ ಈ ದೇಶದಲ್ಲಿ ಇರಲು ನಮಗಿರುವ ಅನುಮತಿ. ಹೆಚ್ಚಿನ ಮನೆಗಳಲ್ಲಿ ಅದು ತಂದೆಯ ಕೆಲಸದ ಮೇಲೆ, ಕಫೀಲ್ ಎಂಬ ಇಲ್ಲಿನ ಮಾಲೀಕನ ಸಹಿಯ ಮೇಲೆ ನಿಂತಿದೆ; ಕೆಲಸ ಹೋದರೆ ಅದು ಹೋಗುತ್ತದೆ, ಅದರೊಂದಿಗೆ ಮನೆ, ಶಾಲೆ, ಗೆಳತಿಯರು. ನವೀಕರಣ ಆಗುತ್ತದೋ ಇಲ್ಲವೋ ಎಂಬುದನ್ನು ನಮ್ಮ ಜನ ಒಡಹುಟ್ಟಿದವರಿಗೂ ಹೇಳುವುದಿಲ್ಲ; ದೃಷ್ಟಿ ತಾಗುತ್ತದೆ ಎಂದು ಕೆಲವರು, ಆಡಿಕೊಳ್ಳುತ್ತಾರೆ ಎಂದು ಕೆಲವರು. ಮಕ್ಕಳಿಗಂತೂ ಕೊನೆಯ ವಾರದಲ್ಲಿ ತಿಳಿಯುತ್ತದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಗುರುವಾರ ಜೊತೆಗೆ ಊಟ ಮಾಡಿದ ಗೆಳತಿ ಭಾನುವಾರ ಇರಲಿಲ್ಲ. ಅವಳ ಬೆಂಚಿನಲ್ಲಿ ಜ್ಯಾಮಿತಿಯ ಡಬ್ಬಿ ಉಳಿದಿತ್ತು. ಅದಾದ ಮೇಲೆ ನಾನು ಯಾರೊಡನೆಯೂ ಅಷ್ಟು ಹತ್ತಿರವಾಗದೆ ಇರುವುದನ್ನು ಕಲಿತೆ. ಈ ಹುಡುಗಿ ಬೇರೆ ಉಪಾಯ ಕಂಡುಕೊಂಡಿದ್ದಳು. ಶಾಲಾ ಬಸ್ಸಿನಲ್ಲಿ ಒಬ್ಬೊಬ್ಬರನ್ನೇ ಕೇಳಿ, ಮನೆಯಲ್ಲಿ ದೊಡ್ಡವರ ಗುರುತಿನ ಚೀಟಿ, ಸಿವಿಲ್ ಐಡಿ ಕಾರ್ಡಿನ ಮೇಲೆ ಕದ್ದು ನೋಡಿ ಬರಲು ಹೇಳಿ, ಎಲ್ಲರ ದಿನಾಂಕವನ್ನೂ ಬರೆದುಕೊಂಡಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದಳು.

ಕಥೆ ಇಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭವಿತ್ತು. ಆದರೆ ಪಟ್ಟಿ ಅಪಾಯದ್ದಲ್ಲ ಎಂದ ಮಾತ್ರಕ್ಕೆ ಬರೆದವಳು ಚೆನ್ನಾಗಿದ್ದಾಳೆ ಎಂದಾಗುವುದಿಲ್ಲ. ನಾನು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ನಂಬುತ್ತಾರೆ. ಹುಟ್ಟುವುದಿಲ್ಲ.

“ಯಾರಿಗಾದರೂ ನೋವು ಮಾಡಬೇಕು ಅಂತ ಅನ್ನಿಸಿದೆಯಾ?”

“ನೋ! ದೇ ಆರ್ ಮೈ ಫ್ರೆಂಡ್ಸ್, ಮಿಸ್.”

“ನಿನಗೇ?”

ಸಹಪಾಠಿ ಆ ಬೆಳಿಗ್ಗೆ ವಾಪಸ್ ತಂದುಕೊಟ್ಟಿದ್ದ ನೋಟ್‌ಬುಕ್ಕನ್ನು ಅವಳು ನನ್ನ ಕಡೆ ತಿರುಗಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಅವಳದೇ ಹೆಸರು. ಮುಂದೆ ದಿನಾಂಕವಿರಲಿಲ್ಲ.

“ಪಪ್ಪ ಹೇಳುದೇ ಇಲ್ಲ. ಕಾರ್ಡ್ ಯಾವಾಗಲೂ ಪರ್ಸ್‌ನಲ್ಲೇ. ಎವ್ರಿ ಸಂಡೇ ಬಸ್ ಹತ್ತುವಾಗ, ಈ ವೀಕ್ ಯಾರು, ನಾನಾ, ಅಂತ. ಸಮ್‌ಟೈಮ್ಸ್ ಐ ಫೀಲ್, ನಾನೇ ಇದರ ಮೇಲೆ ಲೈನ್ ಎಳೆದ್ರೆ... ದೆನ್ ನೋ ಮೋರ್ ವೇಟಿಂಗ್.”

“ಹೇಗೆ ಎಂದು ಯೋಚಿಸಿದ್ದೀಯಾ?”

ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸ್. ಮನೆಯ ಔಷಧಿಯ ಡ್ರಾಯರ್ ಎಂದಳು, ಹವಾಮಾನ ಹೇಳುವಷ್ಟು ಸಾದಾ ದನಿಯಲ್ಲಿ.

ದೂರದ ದೇಶದಲ್ಲಿ ಬೀರುವಿನೊಳಗಿನ ಬಂದೂಕು. ಇಲ್ಲಿ ಅಡುಗೆಮನೆಯ ಪಕ್ಕದ ಡ್ರಾಯರ್. ಇಡೀ ಶಾಲೆ ಬೆಳಿಗ್ಗೆಯಿಂದ ಮೂವತ್ತು ಹುಡುಗಿಯರನ್ನು ಕಾಯಲು ಹೊರಟಿತ್ತು. ಕಾಯಬೇಕಾಗಿದ್ದದ್ದು ಪಟ್ಟಿಯ ಕೊನೆಯ ಹೆಸರನ್ನು.

“ಈಗ ನನ್ನ ಹತ್ತಿರ ನಿನ್ನ ಎರಡು ಗುಟ್ಟು ಇವೆ,” ಎಂದೆ. “ದಿನಾಂಕಗಳದ್ದು ಇಲ್ಲೇ ಇರುತ್ತದೆ. ಇನ್ನೊಂದನ್ನು ನಾನು ಇಟ್ಟುಕೊಳ್ಳುವುದಿಲ್ಲ. ನಿನ್ನ ಅಪ್ಪ ಅಮ್ಮನಿಗೆ ಹೇಳುತ್ತೇನೆ.”

“ಪಪ್ಪನಿಗೆ ಬೇಡ, ಮಿಸ್. ಪ್ಲೀಸ್.”

“ಹೇಳುತ್ತೇನೆ. ನೀನು ಪಕ್ಕದಲ್ಲಿ ಕೂತಿರುವಾಗಲೇ, ನಿನಗೆ ಕೇಳಿಸುವ ಹಾಗೆ.”

ತಂದೆ ಶುವೈಖಿನ ವಾಹನ ಬಿಡಿಭಾಗಗಳ ಗೋದಾಮಿನಿಂದ ಬಂದರು. ಅಂಗಿಯ ಜೇಬಿನಲ್ಲಿ ಇನ್ನೂ ಅಳತೆಯ ಗೇಜ್ ಇತ್ತು. ತಾಯಿ ಸಮವಸ್ತ್ರದ ಮೇಲೆ ಕಾರ್ಡಿಗನ್ ಹಾಕಿಕೊಂಡು ನೇರವಾಗಿ ಡ್ಯೂಟಿಯಿಂದ ಬಂದರು. ಫೋಟೋ ಅವರಿಬ್ಬರಿಗೂ ತಲುಪಿತ್ತು. ತಂದೆ ಕೂರುವ ಮೊದಲೇ ತೀರ್ಮಾನ ಹೇಳಿದರು.

“ಊರಿಗೆ ಕಳಿಸ್ತೇವೆ, ಮೇಡಂ. ಮಂಗಳೂರಿನಲ್ಲಿ ಹಾಸ್ಟೆಲಿಗೆ ಹಾಕಿದ್ರೆ ಸರಿಯಾಗ್ತದೆ. ಖಲಾಸ್. ನಿಮಗೂ ತೊಂದರೆ ಇಲ್ಲ, ನಮಗೂ ಇಲ್ಲ.”

ಗಲ್ಫಿನ ನಮ್ಮ ಮಕ್ಕಳ ಎಲ್ಲ ಕಾಯಿಲೆಗೂ ಇದೊಂದೇ ಮದ್ದು. ಮಾರ್ಕು ಕಡಿಮೆಯಾದರೆ ಊರು, ಮಾತು ಹೆಚ್ಚಾದರೆ ಊರು. ಹುಡುಗಿ ಯಾವುದಕ್ಕೆ ಹೆದರಿ ಪಟ್ಟಿ ಬರೆದಳೋ ಅದನ್ನೇ ಅವಳಿಗೆ ಚಿಕಿತ್ಸೆಯೆಂದು ಕೊಡಲಿದ್ದರು. ನಾನು ಅವಳು ಹೇಳಿದ್ದನ್ನು ಅವಳ ಮಾತುಗಳಲ್ಲೇ ಹೇಳಿದೆ, ಏನನ್ನೂ ಮೆದು ಮಾಡಲಿಲ್ಲ.

ತಾಯಿಗೆ ಡ್ರಾಯರ್ ಎಂಬ ಶಬ್ದ ಸಾಕಾಯಿತು. “ಇವತ್ತೇ ಬೀಗ ಹಾಕ್ತೇನೆ. ಅಲ್ಲ, ಬೇಡ, ಎಲ್ಲ ತೆಗೆದು ಹಾಸ್ಪಿಟಲ್‌ಗೇ ಕೊಂಡುಹೋಗ್ತೇನೆ,” ಎಂದರು. ಮಗಳ ಮಣಿಕಟ್ಟನ್ನು ನಾಡಿ ನೋಡುವ ಹಾಗೆ ಹಿಡಿದುಕೊಂಡಿದ್ದರು. “ಡಾಕ್ಟರ್ ಹತ್ತಿರ ಹೋದ್ರೆ ಫೈಲ್ ಓಪನ್ ಆಗ್ತದಲ್ಲ, ಮೇಡಂ? ಇಕಾಮಾಕ್ಕೆ ಏನಾದ್ರೂ...?”

“ಮಕ್ಕಳ ಮನೋವೈದ್ಯರನ್ನು ಕಂಡಿದ್ದಕ್ಕೆ ಯಾರ ಇಕಾಮಾ ಹೋದದ್ದನ್ನೂ ನಾನು ನೋಡಿಲ್ಲ. ಕಾಣದೆ ಬಿಟ್ಟು ಏನಾಯಿತು ಎನ್ನುವುದನ್ನು ನೋಡಿದ್ದೇನೆ. ಈ ವಾರವೇ ಕರೆದುಕೊಂಡು ಹೋಗಿ.” ಆಮೇಲೆ ತಂದೆಯ ಕಡೆ ತಿರುಗಿದೆ. “ಅವಳಿಗೆ ನಿಮ್ಮ ದಿನಾಂಕ ಬೇಕು.”

“ಅವಳಿಗೆ ಯಾಕೆ ಅದೆಲ್ಲ? ಮಕ್ಕಳು ಓದಿದ್ರೆ ಸಾಕು. ತಲೆಬಿಸಿ ನನ್ನದು.”

“ಪಪ್ಪ,” ಎಂದಳು ಹುಡುಗಿ, “ಜಸ್ಟ್ ಟೆಲ್ ಮಿ.”

 ತಂದೆ ಪರ್ಸ್ ತೆಗೆದು ಕಾರ್ಡನ್ನು ಮೇಜಿನ ಮೇಲೆ ಇಟ್ಟರು. ಪರೀಕ್ಷೆಗಳು ಮುಗಿದ ಮೇಲೆ, ಬೇಸಿಗೆಯ ದಿನಾಂಕ. “ಕಫೀಲ್ ರಿನ್ಯೂ ಮಾಡುದಿಲ್ಲ ಅಂತ ಹೇಳಿ ಆಗಿದೆ,” ಎಂದರು. “ಗೋದಾಮು ಮುಚ್ತಾರೆ.”

“ನೀವು ನನಗೂ ಹೇಳ್ಲಿಲ್ಲ ಅಲ್ಲ?” ಎಂದರು ತಾಯಿ. ಅದರಲ್ಲಿ ಜಗಳ ಇರಲಿಲ್ಲ.

ಕೆಟ್ಟ ಸುದ್ದಿ ಕೇಳಿದ ಹುಡುಗಿ ಪೆನ್ಸಿಲ್ ತೆಗೆದು ತನ್ನ ಹೆಸರಿನ ಮುಂದೆ ಆ ದಿನಾಂಕವನ್ನು ಬರೆದುಕೊಂಡಳು. ಎರಡು ಪೆಪ್ಪರ್‌ಮಿಂಟನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. “ಓಕೆ,” ಎಂದಳು.

ಇನ್ನು ಉಳಿದದ್ದು ಪಾಲಕರ ಸಭೆ. ಪಟ್ಟಿ ಏನೆಂದು ಸಭೆಯಲ್ಲಿ ಹೇಳಿದರೆ ಹುಡುಗಿ ನಿರ್ದೋಷಿ ಎಂದಾಗುತ್ತಿತ್ತು, ಆದರೆ ಅವಳು ಬಾಯಿ ಮುಚ್ಚಿಕೊಂಡು ಕಾದ ಅಷ್ಟೂ ಮನೆಗಳ ಗುಟ್ಟು ಬೀದಿಗೆ ಬೀಳುತ್ತಿತ್ತು. ನಾನು ಅವಳಿಂದ ಒಂದೇ ಒಂದು ಅನುಮತಿ ಕೇಳಿದೆ: ಫೋಟೋ ಹಾಕಿದ ತಾಯಿಗೆ, ಅವರದೇ ಮಗಳ ದಿನಾಂಕದ ಬಗ್ಗೆ ಮಾತ್ರ ಹೇಳಬಹುದೇ? ಯೋಚಿಸಿ, “ಓನ್ಲಿ ಹರ್ಸ್,” ಎಂದಳು.

ಮರುದಿನ ಸಭೆಗೆ ಹತ್ತು ನಿಮಿಷ ಮೊದಲು ಆ ತಾಯಿಯನ್ನು ನನ್ನ ಕೋಣೆಗೆ ಕರೆದೆ. ಎಗೈಲಾದ ಮಾಲ್ ಒಂದರ ಅಂಗಡಿಯಲ್ಲಿ ಕೆಲಸ ಮಾಡುವವರು. ನನಗಿಂತ ಹತ್ತು ವರ್ಷ ಹಿರಿಯರು.

“ನಿಮಗೆ ಮಕ್ಕಳಿಲ್ಲ, ಮೇಡಂ, ನಿಮಗೆ ಗೊತ್ತಾಗುದಿಲ್ಲ,” ಎಂದು ಶುರು ಮಾಡಿದರು. “ಮುಂದಿನ ತಿಂಗಳ ಡೇಟ್! ನನ್ನ ಮಗಳ ಹೆಸರಿನ ಎದುರು! ಅದನ್ನು ನೋಡಿ ನಾನು ಸುಮ್ಮನೆ ಕೂರ್ಬೇಕಾ?”

“ಕೂರಬೇಕಾಗಿಲ್ಲ. ನಿಮ್ಮ ಸಿವಿಲ್ ಐಡಿ ಜೊತೆಗಿದೆಯೇ? ಅದರ ಮೇಲೆ ಮುಗಿಯುವ ದಿನ ಇರುತ್ತದಲ್ಲ, ಒಮ್ಮೆ ನೀವೇ ನೋಡಿ. ನನಗೆ ತೋರಿಸುವುದು ಬೇಡ.”

ಅವರು ಸಿಡುಕಿನಿಂದಲೇ ಪರ್ಸಿಗೆ ಕೈ ಹಾಕಿದರು. ಕಾರ್ಡ್ ನೋಡಿದರು. ಫೋನಿನ ಚಿತ್ರ ನೋಡಿದರು. ಮತ್ತೆ ಕಾರ್ಡ್ ನೋಡಿದರು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಕೂತರು.

“ಇದು ಅವಳಿಗೆ ಹೇಗೆ ಗೊತ್ತು?”

“ನಿಮ್ಮ ಮಗಳು ಹೇಳಿದ್ದಾಳೆ. ಗೆಳತಿ ಯಾರಿಗೂ ಹೇಳುವುದಿಲ್ಲ ಎಂದು ನಂಬಿ. ಅವಳು ಹೇಳಲಿಲ್ಲ. ಪ್ರಿನ್ಸಿಪಾಲರು ಕೇಳಿದಾಗಲೂ ಇಲ್ಲ.”

“ನನ್ನ ಸ್ವಂತ ತಂಗಿಗೂ ಹೇಳ್ಲಿಲ್ಲ ನಾವು,” ಎಂದರು. ಸೆರಗಿನ ತುದಿಯಿಂದ ಫೋನಿನ ಪರದೆಯನ್ನು ಒರೆಸಿದರು, ಅದೇನೂ ಕೊಳೆಯಾಗಿರಲಿಲ್ಲ. “ನಿನ್ನೆಯಿಂದ ಮಗಳು ನನ್ನ ಹತ್ತಿರ ಮಾತಾಡ್ತಾ ಇಲ್ಲ. ನಾನು ಹೆದರಿಕೆ ಅಂದುಕೊಂಡೆ.”

ಸಭೆಯಲ್ಲಿ ಮೊದಲು ಎದ್ದು ನಿಂತವರು ಅವರೇ. “ಆ ಫೋಟೋ ಹಾಕಿದ್ದು ನಾನು,” ಎಂದರು. “ಅದು ಮಕ್ಕಳು ತಮ್ಮತಮ್ಮೊಳಗೆ ಬರೆದುಕೊಂಡದ್ದು. ಯಾರನ್ನೂ ಕೊಲ್ಲುವ ಪಟ್ಟಿ ಅಲ್ಲ. ನಾನು ಪೂರ್ತಿ ಓದ್ಲಿಲ್ಲ. ತಪ್ಪು ನನ್ನದು. ಎಲ್ಲರೂ ಡಿಲೀಟ್ ಮಾಡಿ.” ಏನು ಬರೆದುಕೊಂಡದ್ದು ಎಂದು ಯಾರೋ ಕೇಳಿದರು. “ಮಕ್ಕಳದ್ದು ಮಕ್ಕಳದ್ದೇ. ಡಿಲೀಟ್ ಮಾಡಿ ಅಂದೆನಲ್ಲ,” ಎಂದು ಕೂತುಬಿಟ್ಟರು. ಫೋನು ತೆಗೆದವರಲ್ಲಿ ಒಬ್ಬಿಬ್ಬರು ಚಿತ್ರವನ್ನು ಅಳಿಸುವ ಮೊದಲು ಸ್ವಲ್ಪ ಹೆಚ್ಚು ಹೊತ್ತು ನೋಡಿದ್ದನ್ನು ಕಂಡೆ. 

ಹಿಂದಿನ ಸಾಲಿನ ತಂದೆಯೊಬ್ಬರು ನನ್ನನ್ನೇ ಕೇಳಿದರು: “ಹಾಗಾದ್ರೆ ನಮ್ಮ ಮಕ್ಕಳು ಸೇಫ್ ಅಂತ ನೀವು ಗ್ಯಾರಂಟಿ ಕೊಡ್ತೀರಾ?”

“ಆ ಪಟ್ಟಿಯಿಂದ ಯಾರಿಗೂ ಅಪಾಯವಿಲ್ಲ ಎಂದು ಬರೆದು ಸಹಿ ಮಾಡಿದ್ದೇನೆ,” ಎಂದೆ. “ಉಳಿದದ್ದಕ್ಕೆ ಗ್ಯಾರಂಟಿ ಇಲ್ಲ. ಇವತ್ತು ಮನೆಗೆ ಹೋಗಿ ನಿಮ್ಮ ಮಗಳನ್ನು ಕೇಳಿ, ನಿನಗೆ ಯಾವುದರ ಭಯ ಅಂತ. ಉತ್ತರ ಬರುವವರೆಗೆ ಫೋನು ನೋಡಬೇಡಿ.” ನಾನು ಅಷ್ಟು ಜನರೆದುರು ಮಾತಾಡಿದ್ದು ಅದೇ ಮೊದಲು. 

ಹುಡುಗಿ ಶಾಲೆಯಲ್ಲೇ ಉಳಿದಳು. ವೈದ್ಯರನ್ನು ಕಂಡಳು, ವಾರಕ್ಕೆರಡು ಸಲ ನನ್ನ ಕೋಣೆಗೆ ಬಂದಳು. ಕೆಟ್ಟ ದಿನಗಳು ಇದ್ದವು, ಒಂದು ವಾರ ಬಹಳ ಕೆಟ್ಟದಿತ್ತು. ಅವನ್ನು ಇಲ್ಲಿ ಬರೆಯುವುದಿಲ್ಲ, ಅವು ಅವಳವು. ಫೋಟೋ ಹಾಕಿದ ತಾಯಿಯ ಕುಟುಂಬಕ್ಕೆ ಕೊನೆಯ ಗಳಿಗೆಯಲ್ಲಿ ನವೀಕರಣವಾಯಿತು.

ಬೇಸಿಗೆಯಲ್ಲಿ, ಕುಟುಂಬ ಹೊರಡುವ ವಾರ, ಹುಡುಗಿಯ ಟಿ.ಸಿ. ಬರೆಯುವಾಗ ನಾನು ಸೂಪರ್‌ವೈಸರ್ ಮೇಜಿನ ಪಕ್ಕ ನಿಂತಿದ್ದೆ. ನಡತೆಯ ಕಾಲಂಗೆ ಬಂದಾಗ ಅವರು ಪೆನ್ನು ನಿಲ್ಲಿಸಿದರು. ‘ಗುಡ್’ ಎಂದು ಬರೆದು ನನ್ನ ಕಡೆ ನೋಡಿದರು.

“ಎಂತ, ಇನ್ನೂ ಹೋಗ್ಲಿಲ್ಲ?”

“ವೆರಿ ಗುಡ್ ಎಂದು ಬರೆಯಬಹುದು, ಮೇಡಂ.”

“ಗಣಿತದಲ್ಲಿ ಇಷ್ಟೇ ತೆಗೆದವಳಿಗೆ ವೆರಿ ಗುಡ್ಡಾ?”

“ಅದು ನಡತೆಯ ಕಾಲಂ.”

ಅವರು ‘ಗುಡ್’ ಹಿಂದೆ ಇದ್ದ ಜಾಗದಲ್ಲಿ ಚಿಕ್ಕದಾಗಿ ‘ವೆರಿ’ ತುರುಕಿದರು. “ನಿನ್ನ ಹಟ,” ಎಂದರು, ಸೀಲು ಒತ್ತಿದರು.

ಟಿ.ಸಿ. ತೆಗೆದುಕೊಂಡು ಹುಡುಗಿ ನನ್ನ ಕೋಣೆಗೆ ಬಂದಳು. ಗಣಿತದ ನೋಟ್‌ಬುಕ್ ತಂದಿದ್ದಳು. ಕೊನೆಯ ಪುಟ ತೆರೆದು, ತನ್ನ ಹೆಸರಿನ ಮೇಲೆ ಸ್ಕೇಲ್ ಇಟ್ಟು, ಕೆಂಪು ಪೆನ್ನಿನಿಂದ ಗೆರೆ ಎಳೆದಳು. ಶಾಯಿ ಹರಡದ ಹಾಗೆ ಸ್ಕೇಲನ್ನು ಮೆಲ್ಲಗೆ ಎತ್ತಿದಳು. ನಾನು ಅದನ್ನೇ ನೋಡುತ್ತಿದ್ದೆ. ಈಗ ಹೆಸರಿನ ಮುಂದೆ ದಿನಾಂಕವಿತ್ತು, ಆ ದಿನಾಂಕಕ್ಕೆ ಮೊದಲು ಮಂಗಳೂರಿಗೆ ಮೂರು ಟಿಕೆಟ್ ಇದ್ದವು, ಅಲ್ಲಿ ಕಾಣಬೇಕಾದ ವೈದ್ಯರ ಹೆಸರು ಅವಳ ತಾಯಿಯ ಫೋನಿನಲ್ಲಿತ್ತು.

ಅವಳು ತನ್ನ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಪೆನ್ಸಿಲ್ ಹಿಡಿದಳು.

“ಮಿಸ್, ನಿಮ್ಮದು?”

ಎರಡು ಗಂಟೆಯವರೆಗೆ ಎಂದು ಈ ಸಲ ಹೇಳಲಿಲ್ಲ. ಕೈಚೀಲದಿಂದ ಕಾರ್ಡ್ ತೆಗೆದು ಅವಳ ಮುಂದೆ ಇಟ್ಟೆ.